ಸಿಂಗಾಪುರದ ಕೋನಿ ಐಲ್ಯಾಂಡಿನಲ್ಲಿ ಅಪ್ಪನಿಗೆ ಸೈಕಲ್ ತಗುಲಿತು. ನಡೆಯುವವರು ಎಲ್ಲಿ ನಡೆಯಬೇಕು?

ಕುಕ್ಕರಹಳ್ಳಿ ಹುಡುಗಿ | ಶನಿವಾರ ರಾತ್ರಿ

ಸ್ವಲ್ಪ ಕೋಪದಲ್ಲೇ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಅಪ್ಪ ಅಮ್ಮ ಮೈಸೂರಿನಿಂದ ಬಂದು ಮೂರು ವಾರ ಆಯಿತು. ಅಪ್ಪನಿಗೆ 71. ಊರಿನಲ್ಲಿದ್ದರೆ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕದೆ ತಿಂಡಿ ಮುಟ್ಟುವವರಲ್ಲ. ಇಲ್ಲಿ ನಮ್ಮ ಬ್ಲಾಕ್ ಕೆಳಗೆ ನಾಲ್ಕು ದಿನ ಓಡಾಡಿ, "ಇದೇನಮ್ಮ, ಆಸ್ಪತ್ರೆ ಕಾರಿಡಾರಿನಲ್ಲಿ ಅಡ್ಡಾಡಿದ ಹಾಗಿದೆ" ಎಂದರು. ಸರಿ, ಮರ ಗಿಡ ಇರುವ ಕಡೆ ಹೋಗೋಣ ಅಂತ ಇವತ್ತು ಬೆಳಗ್ಗೆ ಪುಂಗೋಲ್ ಕಡೆಯ ಗೇಟಿನಿಂದ ಕೋನಿ ಐಲ್ಯಾಂಡ್ ಪಾರ್ಕಿಗೆ ಕರೆದುಕೊಂಡು ಹೋದೆ.

ಮೊದಲ ಹದಿನೈದು ನಿಮಿಷ ಸ್ವರ್ಗ. ಎರಡೂ ಕಡೆ ಗಾಳಿಮರ, ನೆಲದ ತುಂಬ ಅದರ ಸೂಜಿಯಂಥ ಎಲೆ, ಎಲ್ಲೋ ಒಂದು ಕಾಡುಕೋಳಿ ಕೂಗುತ್ತಿತ್ತು. ಅಪ್ಪ ಮಧ್ಯದಲ್ಲಿ, ಅಮ್ಮ ನಾನು ಆಚೆ ಈಚೆ. ಅಪ್ಪ ಪಕ್ಕದ ಮನೆಯವರ ಕಾಂಪೌಂಡ್ ಗೋಡೆ ಕಥೆ ಶುರು ಮಾಡಿದ್ದರು, ಅದು ಮುಗಿಯುವ ಕಥೆಯಲ್ಲ. ಅಷ್ಟರಲ್ಲಿ ಹಿಂದಿನಿಂದ ಟ್ರಿಣ್ ಟ್ರಿಣ್. ನಾನು ಅಮ್ಮನ ಕೈ ಹಿಡಿದು ಎಡಕ್ಕೆ ಎಳೆದೆ. ಅಪ್ಪ ಬಲಕ್ಕೆ ಹಾರಿದರು. ಸೈಕಲ್ ಬರುತ್ತಿದ್ದದ್ದೂ ಬಲಕ್ಕೇ. ಹ್ಯಾಂಡಲ್ ತುದಿ ಮೊಣಕೈಗೆ ತಗುಲಿ ಅಪ್ಪ ಅಲ್ಲೇ ಕುಸಿದು ಕೂತರು. ಅಂಗೈ ತರಚಿದೆ, ಮೊಣಕೈ ಊದಿದೆ. ಊರಿನಿಂದ ತಂದ ಕೊಡೆಯ ಹಿಡಿ ಎರಡು ತುಂಡು.

ಸೈಕಲ್ಲಿನವರು ಓಡಿಹೋಗಲಿಲ್ಲ, ಅದನ್ನು ಹೇಳಲೇಬೇಕು. ಇಳಿದು ಬಂದು "ಸಾರಿ ಅಂಕಲ್, ಸಾರಿ" ಅಂತ ಬ್ಯಾಗಿನಿಂದ ಪ್ಲಾಸ್ಟರ್ ತೆಗೆದು ಕೊಟ್ಟರು, ನೀರು ಕೊಟ್ಟರು, ಫೋನ್ ನಂಬರನ್ನೂ ಕೊಟ್ಟರು. ಆದರೆ ಹೊರಡುವಾಗ ನನ್ನ ಕಡೆ ತಿರುಗಿ ಎಡಕ್ಕೇ ನಡೆಯಬೇಕು, ಹಿರಿಯರಿಗೆ ಹೇಳಿ ಅಂದರು. ನನಗೆ ಪಿತ್ತ ನೆತ್ತಿಗೇರಿತು.

ನನ್ನ ಪ್ರಶ್ನೆ ಎರಡೇ. ಒಂದು, ನಡೆಯುವವರು ಎಡಕ್ಕೇ ಇರಬೇಕು ಅಂತ ನಿಜವಾಗಿ ನಿಯಮ ಇದೆಯಾ? ಎರಡು, ಹಕ್ಕಿ ಮರ ನೋಡಲು ಇರುವ ಪಾರ್ಕಿನಲ್ಲಿ ಸೈಕಲ್ ಯಾಕೆ ಬೇಕು?

ಹಳೇ ಸಿಂಗಾಪುರ | ಶನಿವಾರ ರಾತ್ರಿ

ಮೊದಲು ತಂದೆಯವರ ಕೈ ನೋಡಿಕೊಳ್ಳಿ ಅಮ್ಮಾ. ತರಚಿದ ಜಾಗ ಚೆನ್ನಾಗಿ ತೊಳೆಯಿರಿ, ಊತ ಇಳಿಯದಿದ್ದರೆ ನಾಳೆ ಕ್ಲಿನಿಕ್‌ಗೆ ಹೋಗಿ ಒಂದು ಎಕ್ಸ್‌ರೇ ತೆಗೆಸಿ. ಆ ವಯಸ್ಸಿನಲ್ಲಿ "ಏನಿಲ್ಲ ಬಿಡು" ಅನ್ನುವವರೇ ಜಾಸ್ತಿ. ನಂಬಬೇಡಿ.

ಈಗ ನಿಯಮಕ್ಕೆ ಬರೋಣ. ಇಲ್ಲಿ ಫುಟ್‌ಪಾತ್ ಮೇಲೆ ಸೈಕಲ್ ಗಂಟೆಗೆ 10 ಕಿಲೋಮೀಟರ್ ದಾಟಬಾರದು. 2019ರ ಮೊದಲು ಅದು 15 ಇತ್ತು. ಪಾರ್ಕ್ ಕನೆಕ್ಟರ್ (ಪಾರ್ಕ್‌ನಿಂದ ಪಾರ್ಕ್‌ಗೆ ಜೋಡಿಸುವ ದಾರಿ), ಸೈಕಲ್ ದಾರಿ, ನಡೆಯುವವರೂ ಸೈಕಲ್ಲಿನವರೂ ಹಂಚಿಕೊಳ್ಳುವ ದಾರಿ, ಇವುಗಳಲ್ಲಿ 25. ಅದು ಮಿತಿ, ಅಷ್ಟೇ ವೇಗದಲ್ಲಿ ಹೋಗಲೇಬೇಕು ಅಂತ ಅಲ್ಲ. ಯಾರಿಗಾದರೂ ತಗುಲಿದರೆ ಸವಾರ ನಿಲ್ಲಬೇಕು, ಸಹಾಯ ಮಾಡಬೇಕು, ವಿವರ ಕೊಡಬೇಕು. ನಿಮಗೆ ಸಿಕ್ಕವರು ಅದನ್ನು ಮಾಡಿದ್ದಾರೆ, ಪುಣ್ಯ. ನಡೆಯುವವರು ಎಡಕ್ಕೆ ಇರಬೇಕು ಅನ್ನುವುದು ಸೂಚನೆ. ಬಲಕ್ಕೆ ನಡೆದರೆ ಯಾರೂ ದಂಡ ಹಾಕುವುದಿಲ್ಲ. ಆದರೆ ಬೋರ್ಡ್‌ಗಳಲ್ಲಿ ಬರೆದಿರುತ್ತದೆ, ಮತ್ತು ಇಲ್ಲಿನವರು ಅದನ್ನು ನಂಬಿಕೊಂಡೇ ಸೈಕಲ್ ಓಡಿಸುತ್ತಾರೆ. ಬಲಕ್ಕೆ ಯಾರೂ ಹಾರುವುದಿಲ್ಲ ಅನ್ನುವ ನಂಬಿಕೆ ಅದು.

ಸೈಕಲ್ಲೇ ಇಲ್ಲದ ಕಡೆ ಬೇಕಾದರೆ ಮ್ಯಾಕ್‌ರಿಚಿ ಕಾಡಿನ ದಾರಿಗೆ ಹೋಗಿ, ಇಲ್ಲವೇ ಸುಂಗೈ ಬುಲೋ ಜೌಗು ಪ್ರದೇಶಕ್ಕೆ. ಎರಡು ಕಡೆಯೂ ಸೈಕಲ್ ಬಿಡುವುದಿಲ್ಲ. ಸುಂಗೈ ಬುಲೋದಲ್ಲಿ ಮೊಸಳೆ ಇದೆ, ಅದು ಬೆಲ್ ಹೊಡೆಯುವುದಿಲ್ಲ :)

ಎರಡು ಗಾಲಿ ರಾಯ | ಶನಿವಾರ ರಾತ್ರಿ

ಅಕ್ಕಾ, ನಾನು ಸೈಕಲ್ಲಿನವನು. ಸೆಂಗ್‌ಕಾಂಗ್‌ನಿಂದ ವಾರಕ್ಕೆ ಮೂರು ದಿನ ಅದೇ ದಾರಿಯಲ್ಲಿ ಹೋಗುತ್ತೇನೆ. ನಿಮ್ಮ ತಂದೆಯವರಿಗೆ ಹೀಗಾಗಿದ್ದು ಓದಿ ಬೇಜಾರಾಯಿತು. ಆದರೂ ಒಂದು ಮಾತು ಕೇಳಲೇಬೇಕು, ಬೈಯಬೇಡಿ. ಮೂವರೂ ಸಾಲಾಗಿ ದಾರಿ ತುಂಬ ನಡೆಯುತ್ತಿದ್ದಿರಾ?

ಆ ಕಡೆ ದಾರಿ ಅಷ್ಟೇನೂ ಅಗಲ ಇಲ್ಲ. ಮೂರು ಜನ ಅಕ್ಕಪಕ್ಕ ನಡೆದರೆ ಉಳಿಯುವುದು ಒಂದು ಹ್ಯಾಂಡಲ್ ಅಗಲದ ಜಾಗ. ಬೆಲ್ ಹೊಡೆಯದೆ ಹೋದರೆ "ಕಳ್ಳನ ಹಾಗೆ ಬಂದ" ಅನ್ನುತ್ತಾರೆ. ಹೊಡೆದರೆ "ಅದೇನು ಅಷ್ಟು ಅವಸರ" ಅನ್ನುತ್ತಾರೆ. ನಾವು ಏನು ಮಾಡಬೇಕು ಹೇಳಿ.

ಕುಕ್ಕರಹಳ್ಳಿ ಹುಡುಗಿ | ಶನಿವಾರ ರಾತ್ರಿ

ಹೌದು, ಮೂವರೂ ಸಾಲಾಗೇ ಇದ್ದೆವು. ಒಪ್ಪಿಕೊಳ್ಳುತ್ತೇನೆ. ಬೆಳಗ್ಗೆ ಬೆಳಗ್ಗೆ ಮೂರು ಜನ ಮಾತಾಡಿಕೊಂಡು ನಡೆಯುವುದು ಮತ್ತೆ ಹೇಗೆ, ಮಿಲಿಟರಿ ಥರ ಒಬ್ಬರ ಹಿಂದೆ ಒಬ್ಬರಾ?

ಧಾರವಾಡ ಪೇಢಾ | ಶನಿವಾರ ರಾತ್ರಿ

ಅಲ್ರೀ ರಾಯರೇ, ಬೆಲ್ ಅಂದರೆ ಏನು ಅಂತ ಮೊದಲು ತೀರ್ಮಾನ ಆಗಲಿ. "ನಾನು ಬರುತ್ತಿದ್ದೇನೆ, ಗಾಬರಿ ಆಗಬೇಡಿ" ಅಂತಲೋ, "ನಾನು ಬಂದೆ, ಸರಿಯಿರಿ" ಅಂತಲೋ? ನಿಮ್ಮ ಪೈಕಿ ನೂರಕ್ಕೆ ತೊಂಬತ್ತು ಜನ ಹೊಡೆಯುವುದು ಎರಡನೇ ಥರ. ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಮುಂದೆ ಆಟೋದವರು ಹಾರ್ನ್ ಹೊಡೆದ ಹಾಗೆ. ಹೊಡೆದು ವೇಗ ಕಡಿಮೆ ಮಾಡುತ್ತೀರಾ? ಇಲ್ಲ. ಹೊಡೆದ ಮೇಲೆ ದಾರಿ ನಿಮ್ಮದಾಯಿತು ಅಂದುಕೊಂಡು ಬಂದೇ ಬಿಡುತ್ತೀರಿ.

ನನಗೆ ಮಂಡಿ ನೋವು, ಕೋಲು ಹಿಡಿದು ನಡೆಯುತ್ತೇನೆ. ಬೆಲ್ ಕೇಳಿದ ತಕ್ಷಣ ತಿರುಗಲು ನನಗೆ ಆಗುವುದಿಲ್ಲ. ಅದಕ್ಕೆ ನಾನು ತಿರುಗುವುದೇ ಇಲ್ಲ. ನಡೆಯುತ್ತಲೇ ಇರುತ್ತೇನೆ, ಬೇಕಾದವರು ಕಾಯಲಿ.

ಎರಡು ಗಾಲಿ ರಾಯ | ಶನಿವಾರ ರಾತ್ರಿ

ಪೇಢಾ ಸರ್, ನೀವು ನಂಬದಿರಬಹುದು, ನಿಮ್ಮಂಥವರೇ ನಮಗೆ ಇಷ್ಟ. ತಿರುಗದೆ, ಹೆದರದೆ ನೇರ ನಡೆಯುವವರನ್ನು ದಾಟುವುದು ಸುಲಭ. ಕಷ್ಟ ಯಾರದ್ದು ಅಂದರೆ ಬೆಲ್ ಕೇಳಿ ಒಂದು ಹೆಜ್ಜೆ ಎಡಕ್ಕೆ ಹೋಗಿ, ಹೆಂಡತಿ ಬಲಕ್ಕೆ ಹೋದಳು ಅಂತ ತಾವೂ ವಾಪಸ್ ಬಲಕ್ಕೆ ಬರುವವರದ್ದು.

ಲೆಕ್ಕ ಹೇಳುತ್ತೇನೆ ಕೇಳಿ. 25ರ ವೇಗ ಅಂದರೆ ಸೆಕೆಂಡಿಗೆ ಸುಮಾರು ಏಳು ಮೀಟರ್. ನಡೆಯುವವರು ಒಂದು ಮೀಟರ್ ಚಿಲ್ಲರೆ. ಹತ್ತು ಮೀಟರ್ ಹಿಂದೆ ಬಂದು ಬೆಲ್ ಹೊಡೆದರೆ ಅವರಿಗೆ ಸಿಗುವುದು ಎರಡು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಕೇಳಬೇಕು, ಯಾವ ಕಡೆಯಿಂದ ಅಂತ ತಿಳಿಯಬೇಕು, ಪಕ್ಕದವರನ್ನು ನೋಡಬೇಕು, ಹೆಜ್ಜೆ ಇಡಬೇಕು. 71 ವರ್ಷದವರಿಗೆ ಬಿಡಿ, ನನಗೇ ಆಗುವುದಿಲ್ಲ. ಅದೇ 15ರಲ್ಲಿ ಬಂದು ಮೂವತ್ತು ಮೀಟರ್ ಹಿಂದೆಯೇ ಒಂದು ಸಲ ಮೆತ್ತಗೆ ಹೊಡೆದರೆ ಎಂಟು ಹತ್ತು ಸೆಕೆಂಡ್ ಸಿಗುತ್ತದೆ. ಮಾತು ಮುಗಿಸಿ ಸರಿಯಬಹುದು.

ಇನ್ನೊಂದು. ಪಾರ್ಕಿನ ಒಂದು ಗೇಟಿನಿಂದ ಇನ್ನೊಂದಕ್ಕೆ ಸುಮಾರು ಎರಡೂವರೆ ಕಿಲೋಮೀಟರ್. 25ರಲ್ಲಿ ಆರು ನಿಮಿಷ, 15ರಲ್ಲಿ ಹತ್ತು. ನಾಲ್ಕು ನಿಮಿಷಕ್ಕೆ ಇಷ್ಟೆಲ್ಲ ರಂಪ. ನಾನೂ ಮೊದಲು ಅದೇ ನಾಲ್ಕು ನಿಮಿಷಕ್ಕೆ ಸಾಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ವಾಚಿನಲ್ಲಿ ಸರಾಸರಿ ವೇಗ ಕಡಿಮೆ ತೋರಿಸಿದರೆ ಇಡೀ ದಿನ ಮುಖ ಸಣ್ಣದು.

ಇಬ್ಬರು ಮಕ್ಕಳ ಅಮ್ಮ | ಭಾನುವಾರ ಬೆಳಗ್ಗೆ

ನೀವೆಲ್ಲ ಜೆರ್ಸಿ ಹಾಕಿದವರ ಬಗ್ಗೆ ಹೇಳುತ್ತಿದ್ದೀರಿ. ನನಗೆ ಅವರ ಭಯ ಇಲ್ಲ. ಅವರಿಗೆ ಬ್ರೇಕ್ ಹಿಡಿಯಲು ಬರುತ್ತದೆ. ನನಗೆ ಭಯ ಬಾಡಿಗೆ ಸೈಕಲ್ಲಿನದ್ದು. ವರ್ಷಕ್ಕೊಂದು ಸಲ ಸೈಕಲ್ ಹತ್ತುವ ಇಡೀ ಕುಟುಂಬ, ಜೊತೆಗೆ ಇಬ್ಬರು ತುಳಿಯುವ ಉದ್ದನೆ ಸೈಕಲ್ ಬೇರೆ. ಮುಂದಿನವರು ಸೆಲ್ಫಿಗೆ ನಿಂತರೆ ಹಿಂದಿನ ನಾಲ್ಕೂ ಒಂದರ ಮೇಲೊಂದು.

ಮತ್ತೆ ನನ್ನ ಮಗನ ಬಗ್ಗೆಯೂ ಹೇಳುತ್ತೇನೆ, ನ್ಯಾಯ ಅಂದರೆ ನ್ಯಾಯ. ಆರು ವರ್ಷ. ಸೈಕಲ್ ಕಲಿತು ಎರಡು ತಿಂಗಳು. ನೇರ ಹೋಗಲು ಬರುತ್ತದೆ, ಆದರೆ ಎಲ್ಲಿ ನೋಡುತ್ತಾನೋ ಸೈಕಲ್ ಅಲ್ಲಿಗೆ ಹೋಗುತ್ತದೆ. ಹೋದ ತಿಂಗಳು ದಾರಿಗೆ ಅಡ್ಡ ಒಂದು ಉಡ ಬಂತು, ಇಷ್ಟುದ್ದ, ನಾಲಿಗೆ ಹೊರಗೆ ಹಾಕಿಕೊಂಡು ರಾಜಗಾಂಭೀರ್ಯದಲ್ಲಿ ದಾಟುತ್ತಿತ್ತು. ಇವನು ಬಾಯಿ ತೆರೆದು ಅದನ್ನೇ ನೋಡುತ್ತ ನೇರ ಹೋಗಿ ಎದುರಿನಿಂದ ಬರುತ್ತಿದ್ದ ಅಜ್ಜಿಯ ಟ್ರಾಲಿಗೆ ಗುದ್ದಿದ. ಅಜ್ಜಿ ನಕ್ಕು ಅವನಿಗೆ ಬಿಸ್ಕತ್ ಕೊಟ್ಟರು. ನಾನು ಹತ್ತು ಸಲ ಸಾರಿ ಹೇಳಿದೆ. ಅಂದಿನಿಂದ ಅವನನ್ನು ಎಡಕ್ಕೆ ಬಿಟ್ಟು ನಾನು ಬಲಕ್ಕೆ, ಅರ್ಧ ಸೈಕಲ್ ಹಿಂದೆ ತುಳಿಯುತ್ತೇನೆ. ಹಿಂದಿನಿಂದ ಬರುವವರಿಗೆ ನಾನೇ ಗೋಡೆ. ನಾವು ಇಬ್ಬರು ಸಾಲಾಗಿ ಹೋಗುತ್ತೇವೆ ಅಂತ ಬೈಸಿಕೊಂಡದ್ದೂ ಇದೆ. ಬೈಯಲಿ.

ಕಾರವಾರದ ಗಾಳಿ | ಭಾನುವಾರ ಬೆಳಗ್ಗೆ

ನಾನು ಸೈಕಲ್ಲೂ ಅಲ್ಲ, ವಾಕಿಂಗೂ ಅಲ್ಲ, ಸುಮ್ನೆ ಕೂತುಕೊಳ್ಳಲು ಹೋಗುವವನು. ಕೋನಿ ಐಲ್ಯಾಂಡ್ ನನಗೆ ಇಷ್ಟ, ಕಾರಣ ಆ ಗಾಳಿಮರ. ನಮ್ಮ ಕಾರವಾರದ ಕಡಲ ದಂಡೆಯಲ್ಲಿ ಗಾಳಿ ಬಂದಾಗ ಅದು ಹೊರಡಿಸುವ ಸುಂಯ್ ಸದ್ದು ಇಲ್ಲೂ ಅದೇ. ಕಣ್ಣು ಮುಚ್ಚಿದರೆ ಊರು.

ಆ ಜಾಗದ ಕಥೆ ಗೊತ್ತಾ? ಮಲಯ ಭಾಷೆಯಲ್ಲಿ ಅದು ಪುಲಾವ್ ಸೆರಂಗೂನ್. ಒಂದು ಕಾಲಕ್ಕೆ ಟೈಗರ್ ಬಾಮ್ ಮಾಡಿದ ಹಾ ಪಾರ್ ಸೋದರರ ಕೈಯಲ್ಲಿತ್ತು. 1950ರಲ್ಲಿ ಗುಲಾಂ ಮಹಮೂದ್ ಅನ್ನುವ ಭಾರತೀಯ ವ್ಯಾಪಾರಿ ಕೊಂಡು, ಅಮೆರಿಕದ ಕೋನಿ ಐಲ್ಯಾಂಡ್ ಥರ ಮೋಜಿನ ತಾಣ ಮಾಡಬೇಕು ಅಂತ ಹೊರಟರು. ಅದು ಕೈಗೂಡಲಿಲ್ಲ, ಹೆಸರು ಮಾತ್ರ ಉಳಿಯಿತು. ಪಾರ್ಕ್ ಆಗಿ ತೆರೆದದ್ದು 2015ರ ಅಕ್ಟೋಬರ್‌ನಲ್ಲಿ, 50 ಹೆಕ್ಟೇರ್. ಆಗ ಅಲ್ಲಿ ಒಂಟಿ ಹೋರಿಯೊಂದಿತ್ತು, ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಮರುವರ್ಷ ಸತ್ತುಹೋಯಿತು. ಬಿದ್ದ ಗಾಳಿಮರಗಳನ್ನೇ ಕೊಯ್ದು ಬೆಂಚು, ಬೋರ್ಡು ಮಾಡಿದ್ದಾರೆ. ಲೈಟ್ ಕಂಬ ಇಲ್ಲ. ಅದಕ್ಕೇ ಬೆಳಗ್ಗೆ 7ಕ್ಕೆ ತೆಗೆದು ಸಂಜೆ 7ಕ್ಕೆ ಮುಚ್ಚುತ್ತಾರೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಆ ದಾರಿ ವೇಗಕ್ಕೆ ಮಾಡಿದ್ದೇ ಅಲ್ಲ. ಮಣ್ಣು, ಜಲ್ಲಿ. ಮಳೆ ಬಂದರೆ ಕೊಚ್ಚೆ. ಒಣಗಿದ ಸೂಜಿ ಎಲೆ ಮೇಲೆ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ಕೋತಿ ಬೇರೆ. ಸೈಕಲ್ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅವಕ್ಕೆ ಅದು ಊಟದ ಗಂಟೆ. ನಾನು ಕಣ್ಣಾರೆ ಕಂಡೆ, ಒಬ್ಬರು ಜೋರಾಗಿ ಬರುತ್ತಿದ್ದರು, ಪೊದೆಯಿಂದ ಕೋತಿ ದಾರಿಗೆ ಇಳಿಯಿತು, ಅವರು ಒಮ್ಮೆಲೇ ಬ್ರೇಕ್ ಹಿಡಿದು ಸೈಕಲ್ ಒಂದು ಕಡೆ ತಾವೊಂದು ಕಡೆ. ಕೋತಿ ಅಲ್ಲೇ ಕೂತು ತಲೆ ಕೆರೆದುಕೊಂಡಿತು.

ಅಕ್ಕಾ, ಅಮ್ಮನಿಗೆ ಬೀಚ್ ಕಡೆ ಇಳಿಯುವಾಗ ಕಾಲು ಮುಚ್ಚುವ ಬಟ್ಟೆ ಹಾಕಲು ಹೇಳಿ. ಮರಳು ನೊಣ ಕಚ್ಚಿದರೆ ಒಂದು ವಾರ ಕೆರೆತ.

ಚೆಸ್ಟ್‌ನಟ್ ಕೆಸರು | ಭಾನುವಾರ ಮಧ್ಯಾಹ್ನ

ಇದಕ್ಕೆಲ್ಲ ಒಂದೇ ಔಷಧಿ, ದಾರಿ ಬೇರೆ ಮಾಡುವುದು. ಚೆಸ್ಟ್‌ನಟ್ ನೇಚರ್ ಪಾರ್ಕ್ ನೋಡಿ. 81 ಹೆಕ್ಟೇರ್, ಇಲ್ಲಿನ ನೇಚರ್ ಪಾರ್ಕ್‌ಗಳಲ್ಲೇ ದೊಡ್ಡದು. ನಡೆಯುವವರಿಗೆ 5.6 ಕಿಲೋಮೀಟರ್, ಮೌಂಟೇನ್ ಬೈಕ್‌ಗೆ 8.2 ಕಿಲೋಮೀಟರ್, ಎರಡೂ ಬೇರೆ ಬೇರೆ. 2017ರಲ್ಲಿ ಪೂರ್ತಿ ತೆರೆದಾಗಿನಿಂದ ಅಲ್ಲಿ ಹೋಗುತ್ತಿದ್ದೇನೆ. ಇಳಿಜಾರಿನಲ್ಲಿ ಮನಸಾರೆ ಬಿಡಬಹುದು, ತಿರುವಿನ ಆಚೆ ಯಾರ ಅಜ್ಜನೂ ಇರುವುದಿಲ್ಲ ಅನ್ನುವ ಧೈರ್ಯ.

ಇರುವುದಿಲ್ಲ ಅಂದೆ, ಇರುತ್ತಾರೆ. ಅದೇ ತಲೆನೋವು. ಸೈಕಲ್ ದಾರಿ ನೆರಳಾಗಿದೆ, ಚಂದ ಇದೆ ಅಂತ ಕ್ಯಾಮೆರಾ ಹಿಡಿದು ನಡೆದು ಬರುತ್ತಾರೆ, ಅದೂ ಎದುರಿನಿಂದ. ಒಂದು ಸಲ ಬೇರು ದಾಟಿ ಕೆಳಗೆ ಇಳಿದರೆ ಒಬ್ಬರು ಮಂಡಿಯೂರಿ ಅಣಬೆಯ ಫೋಟೋ ತೆಗೆಯುತ್ತಿದ್ದಾರೆ. ನಾನು ಪೊದೆಗೆ ಹೋದೆ. ಮೈಯೆಲ್ಲ ಗೀರು. ಅವರು ತಲೆ ಎತ್ತಿ "ನಿಧಾನ ಬರಬೇಕಪ್ಪಾ" ಅಂದರು. ಬುಕಿತ್ ತಿಮಾ ಗುಡ್ಡದ ಸುತ್ತಲಿನ ಬೈಕ್ ಟ್ರೈಲ್‌ನಲ್ಲೂ ಇದೇ ಕಥೆ. ಸೈಕಲ್ಲಿನವರು ನಡೆಯುವವರ ಜಾಗಕ್ಕೆ ಬಂದರೆ ಊರೆಲ್ಲ ಸುದ್ದಿ. ಅವರು ನಮ್ಮ ಜಾಗಕ್ಕೆ ಬಂದರೆ "ಪಾಪ, ಗೊತ್ತಾಗಲಿಲ್ಲ".

ಹಳೇ ಸಿಂಗಾಪುರ | ಭಾನುವಾರ ಮಧ್ಯಾಹ್ನ

ಕೆಸರು, ನಿನ್ನ ಗೀರಿಗೆ ನನ್ನ ಸಂತಾಪ. ಆದರೆ ದಾರಿ ಬೇರೆ ಮಾಡುವುದು ಎಲ್ಲ ಕಡೆ ಆಗುವ ಮಾತಲ್ಲ. ಕೋನಿ ಐಲ್ಯಾಂಡ್ ಉದ್ದಕ್ಕೆ ಇರುವ ಕಿರಿದಾದ ಪಟ್ಟಿ. ಅಲ್ಲಿ ಎರಡನೇ ದಾರಿ ಹಾಕಬೇಕು ಅಂದರೆ ಅಷ್ಟು ಅಗಲಕ್ಕೆ ಮರ ಕಡಿಯಬೇಕು. ಮರ ನೋಡಲು ಹೋಗುವವರಿಗೆ ಮರ ಕಡಿದು ದಾರಿ ಮಾಡಿದ ಹಾಗಾಯಿತು. ರೈಲ್ ಕಾರಿಡಾರ್ ಕೂಡ ಹಾಗೇ. 2011ರಲ್ಲಿ ಮಲೇಷ್ಯಾ ರೈಲು ನಿಂತ ಮೇಲೆ ಹಳಿ ತೆಗೆದ ಜಾಗ, ಉದ್ದ 24 ಕಿಲೋಮೀಟರ್. ರೈಲು ಹೋಗುವಷ್ಟೇ ಅಗಲ, ಎರಡೂ ಕಡೆ ಹಸಿರು. ಅದನ್ನು ಅಗಲ ಮಾಡಿದರೆ ಮತ್ತೊಂದು ರಸ್ತೆ ಆಗುತ್ತದೆ. ಹಂಚಿಕೊಂಡೇ ಹೋಗಬೇಕು.

ಊರೊಳಗೆ ಮಾತ್ರ ಬೇರೆ ಮಾಡಿದ್ದಾರೆ. ಸೈಕಲ್‌ಗೆ ಕೆಂಪು ದಾರಿ ಪಕ್ಕದಲ್ಲೇ ಇದ್ದರೆ, 2025ರ ಜುಲೈ 1ರಿಂದ ಅದರ ಪಕ್ಕದ ಫುಟ್‌ಪಾತ್ ನಡೆಯುವವರಿಗೆ ಮಾತ್ರ. ಸೈಕಲ್ ಹತ್ತಿಸಿದರೆ ಭಾರಿ ದಂಡ, ಜೈಲಿನ ಅವಕಾಶವೂ ಇದೆ. ಆದರೆ ನಡೆಯುವವರು ಕೆಂಪು ದಾರಿಗೆ ಬಂದರೆ ತಪ್ಪಲ್ಲ, ಬರದಿದ್ದರೆ ಒಳ್ಳೆಯದು ಅಂತ ಅಷ್ಟೇ. ಅಂದರೆ ಕಾನೂನು ಯಾರ ಕಡೆ ಒಂದು ತೂಕ ಜಾಸ್ತಿ ಇದೆ ನೋಡಿಕೊಳ್ಳಿ. ಪೆಟ್ಟು ತಿನ್ನುವುದು ನಡೆಯುವವರು, ಅದಕ್ಕೆ.

ಎರಡು ಗಾಲಿ ರಾಯ | ಭಾನುವಾರ ಮಧ್ಯಾಹ್ನ

ಒಪ್ಪಿದೆ ಸರ್. ಆದರೆ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನಡೆಯುವವರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಮೂರು ಸಲ ಬೆಲ್, ಎರಡು ಸಲ ಎಕ್ಸ್‌ಕ್ಯೂಸ್ ಮಿ. ಒಂದು ಸಲ ತಾಳ್ಮೆ ಕೆಟ್ಟು ಒಬ್ಬ ಚೀನೀ ಅಂಕಲ್‌ಗೆ "ಸ್ವಲ್ಪ ಸೈಡ್ ಕೊಡಿ ಸಾರ್" ಅಂತ ಕನ್ನಡದಲ್ಲೇ ಕೂಗಿಬಿಟ್ಟೆ. ತಕ್ಷಣ ಸರಿದರು! ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಧಾರವಾಡ ಪೇಢಾ | ಭಾನುವಾರ ಮಧ್ಯಾಹ್ನ

ಕನ್ನಡದ ತಾಕತ್ತು.

ಆದರೆ ರಾಯರೇ, ಕಿವಿ ಕೇಳದವರೂ ನಡೆಯುತ್ತಾರೆ. ನನ್ನ ತಮ್ಮನಿಗೆ ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ. ಬೆಲ್ ಎಲ್ಲಿಂದ ಬಂತು ಅನ್ನುವುದೇ ಅವನಿಗೆ ತಿಳಿಯುವುದಿಲ್ಲ. ಮುಂದೆ ಇರುವವನಿಗೆ ಕೇಳಿಸಿಲ್ಲ ಅಂದುಕೊಂಡೇ ಬರಬೇಕು. ಕೇಳಿಸಿದರೆ ಲಾಭ.

ಬಸವನಗುಡಿ ಕಾಫಿ | ಭಾನುವಾರ ಸಂಜೆ

ಬೆಂಗಳೂರಿನಿಂದ ಓದುತ್ತಿದ್ದೇನೆ. ಹತ್ತಾ, ಇಪ್ಪತ್ತೈದಾ ಅಂತ ನೀವು ಜಗಳ ಆಡುವುದು ನೋಡಿ ಹೊಟ್ಟೆಕಿಚ್ಚಾಗುತ್ತಿದೆ. ಇಲ್ಲಿ ಫುಟ್‌ಪಾತ್ ಮೇಲೆ ಬರುವುದು ಸೈಕಲ್ ಅಲ್ಲ, ಸ್ಕೂಟರ್.

ಲಾಲ್‌ಬಾಗ್‌ನಲ್ಲಿ ನಾನು ನಿಶ್ಚಿಂತೆ, ಸೈಕಲ್ ಒಳಗೆ ಬಿಡುವುದಿಲ್ಲ. ಕಬ್ಬನ್ ಪಾರ್ಕ್ ಬೇರೆ ಥರ. 1870ರ ಪಾರ್ಕ್, ಮಧ್ಯದಲ್ಲೇ ರಸ್ತೆ. 2015ರಿಂದ ಭಾನುವಾರ ಗಾಡಿ ಬಿಡುವುದಿಲ್ಲ. ಅವತ್ತು ಅದೇ ಡಾಂಬರು ರಸ್ತೆಯಲ್ಲಿ ಮಕ್ಕಳ ಸೈಕಲ್, ಸ್ಕೇಟಿಂಗ್, ನಾಯಿ, ಓಡುವವರು, ಅಜ್ಜ ಅಜ್ಜಿ, ಎಲ್ಲ ಒಟ್ಟಿಗೆ. ಗೆರೆ ಇಲ್ಲ, ಬೋರ್ಡ್ ಇಲ್ಲ. ಆದರೂ ನಡೆಯುತ್ತದೆ. ಯಾಕೆ ಅಂದರೆ ಅಲ್ಲಿ ಯಾರಿಗೂ ಎಲ್ಲಿಗೂ ಹೋಗಬೇಕಾಗಿಲ್ಲ, ಸುಮ್ನೆ ಇರಲು ಬಂದವರು. ನಿಮ್ಮಲ್ಲಿ ಆ ದಾರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ದಾರಿಯೂ ಹೌದು ಅಲ್ವಾ? ಗಂಟು ಇರುವುದು ಅಲ್ಲಿ ಅನಿಸುತ್ತದೆ. ದಾಟುವವನಿಗೆ ಮುಂದಿರುವವರು ಅಡ್ಡಿ, ಇರಲು ಬಂದವನಿಗೆ ಹಿಂದಿನಿಂದ ಬರುವವರು ಅಡ್ಡಿ.

ಕಾರವಾರದ ಗಾಳಿ | ಭಾನುವಾರ ಸಂಜೆ

ಸರಿಯಾಗಿ ಹೇಳಿದಿರಿ. ಪುಂಗೋಲ್ ಕಡೆಯಿಂದ ಬಂದು ಲೋರೊಂಗ್ ಹಾಲುಸ್ ಕಡೆ ಹೊರಬಿದ್ದು ಪಾಸಿರ್ ರಿಸ್ ಕಡೆ ಹೋಗುವ ಸೈಕಲ್ಲಿನವರಿಗೆ ಅದು ಪಾರ್ಕ್ ಅಲ್ಲ, ದಾರಿಯ ಒಂದು ತುಂಡು. ಪಕ್ಕದಲ್ಲಿ ಕಡಲಿದೆ ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ.

ಕುಕ್ಕರಹಳ್ಳಿ ಹುಡುಗಿ | ಭಾನುವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ರೇ ಆಯಿತು, ಮೂಳೆಗೆ ಏನೂ ಆಗಿಲ್ಲ. ಊತ ಇಳಿಯುತ್ತಿದೆ.

ನಿಮ್ಮ ಮಾತೆಲ್ಲ ಅಪ್ಪನಿಗೆ ಓದಿ ಹೇಳಿದೆ. ಕೋತಿ ತಲೆ ಕೆರೆದುಕೊಂಡದ್ದಕ್ಕೆ ತುಂಬ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ವಿಷಯ ಹೇಳಿದರು. ಅದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಾನು ಯಾಕೆ ಬಲಕ್ಕೆ ಹಾರಿದೆ ಅಂತ ನಿನ್ನೆಯಿಂದ ಯೋಚನೆ ಮಾಡುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಎಲ್ಲಿದೆ? ನಲವತ್ತು ವರ್ಷದಿಂದ ರಸ್ತೆಯ ಬಲಗಡೆ ನಡೆದೇ ಅಭ್ಯಾಸ. ಎದುರಿನಿಂದ ಬರುವ ಗಾಡಿ ಕಣ್ಣಿಗೆ ಕಾಣಬೇಕು, ಹಿಂದಿನಿಂದ ಬರುವುದನ್ನು ನಂಬಬಾರದು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದು. ಹಿಂದೆ ಸದ್ದಾದರೆ ಕಾಲು ತಾನಾಗಿ ಬಲಕ್ಕೇ ಹೋಗುತ್ತದೆ. ಅದು ಕಾಲಿನ ಬುದ್ಧಿ, ತಲೆಗೆ ಆಮೇಲೆ ಗೊತ್ತಾಗುತ್ತದೆ. ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು, ಪಾಪ. ಎಡಕ್ಕೆ ಹೋಗುತ್ತಾರೆ ಅಂದುಕೊಂಡ."

ನಾನು ನಿನ್ನೆ ಆ ಮನುಷ್ಯನ ಮೇಲೆ ಎಷ್ಟು ಕೂಗಾಡಿದ್ದೆ! ಇವರು ನೋಡಿದರೆ ಪಾಪ ಅನ್ನುತ್ತಿದ್ದಾರೆ. ನಂಬರ್ ಇತ್ತಲ್ಲ, ಎಕ್ಸ್‌ರೇ ಸರಿ ಇದೆ ಅಂತ ಮೆಸೇಜ್ ಕಳಿಸಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವಂತೆ.

ಎರಡು ಗಾಲಿ ರಾಯ | ಭಾನುವಾರ ರಾತ್ರಿ

ಅಕ್ಕಾ, ನಿಮ್ಮ ತಂದೆ ಹೇಳಿದ್ದು ಓದಿ ಐದು ನಿಮಿಷ ಫೋನ್ ಕೆಳಗಿಟ್ಟೆ. ಹತ್ತು ವರ್ಷದಿಂದ ಇಲ್ಲಿ ಸೈಕಲ್ ಓಡಿಸುತ್ತಿದ್ದೇನೆ, ನಮ್ಮ ಊರಿನ ಹಿರಿಯರು ಯಾಕೆ ಯಾವಾಗಲೂ ಉಲ್ಟಾ ಕಡೆ ಹಾರುತ್ತಾರೆ ಅಂತ ಬೈದುಕೊಂಡಿದ್ದೇನೆಯೇ ಹೊರತು, ಒಂದು ದಿನ ಯೋಚಿಸಿಲ್ಲ. ನಮ್ಮಪ್ಪ ಬಂದಾಗಲೂ ಹಾಗೇ ಮಾಡುತ್ತಿದ್ದರು. ನಾನು ಅವರಿಗೂ ರೇಗಿದ್ದೆ.

ಇವತ್ತು ಸಂಜೆ ಹೋಗಿದ್ದೆ, ಒಂದು ಪ್ರಯೋಗ ಮಾಡಿದೆ. ದೂರದಲ್ಲೇ ಒಂದು ಸಲ ಬೆಲ್. ಆಮೇಲೆ ತುಳಿಯುವುದು ನಿಲ್ಲಿಸಿ, ಅವರ ಕಾಲು ಯಾವ ಕಡೆ ಹೋಗುತ್ತದೆ ಅಂತ ನೋಡುವುದು. ಎಡಕ್ಕೆ ಹೋದರೆ ನಾನು ಬಲಕ್ಕೆ. ಬಲಕ್ಕೆ ಹೋದರೆ ನಡೆಯುವ ವೇಗಕ್ಕೆ ಇಳಿದು ಎಡದಿಂದ, ಮಾತಾಡಿಸಿಕೊಂಡು. ಚದುರಿದರೆ ಕಾಲು ಕೆಳಗಿಟ್ಟು ನಿಲ್ಲುವುದು. ಹೋಗುತ್ತ ಬರುತ್ತ ಎರಡು ಸಲ ಕಾಲಿಡಬೇಕಾಯಿತು, ಅಷ್ಟೇ. ಒಬ್ಬ ಅಜ್ಜಿ ಥ್ಯಾಂಕ್ಯೂ ಹೇಳಿದರು. ಸರಾಸರಿ ವೇಗ ಕೇಳಬೇಡಿ, ನಾಚಿಕೆಯಾಗುತ್ತದೆ.

ಚೆಸ್ಟ್‌ನಟ್ ಕೆಸರು | ಭಾನುವಾರ ರಾತ್ರಿ

ಇಷ್ಟೆಲ್ಲ ಮಾಡುವ ಬದಲು ಚೆಸ್ಟ್‌ನಟ್‌ಗೆ ಬಾ ಮಾರಾಯ.

ಧಾರವಾಡ ಪೇಢಾ | ಭಾನುವಾರ ರಾತ್ರಿ

ರಾಯರೇ, ನನ್ನ ಹಿಂದೆ ಬಂದಾಗ ಬೆಲ್ ಬೇಡ. "ಪೇಢಾ" ಅಂತ ಕೂಗಿ, ನಿಲ್ಲುತ್ತೇನೆ.

ಇಬ್ಬರು ಮಕ್ಕಳ ಅಮ್ಮ | ಭಾನುವಾರ ರಾತ್ರಿ

ಅಂಕಲ್ ಮತ್ತೆ ವಾಕಿಂಗ್ ಹೋಗಲು ಒಪ್ಪಿದರಾ, ಇಲ್ಲ ಬ್ಲಾಕ್ ಕೆಳಗಿನ ಕಾರಿಡಾರೇನಾ?

ಕುಕ್ಕರಹಳ್ಳಿ ಹುಡುಗಿ | ಭಾನುವಾರ ರಾತ್ರಿ

ಒಪ್ಪುವುದೇನು, ಮುಂದಿನ ಶನಿವಾರ ಅಲ್ಲಿಗೇ ಹೋಗಬೇಕಂತೆ. ಉಡ ಇನ್ನೂ ನೋಡಿಲ್ಲವಂತೆ. ಈ ಸಲ ಅಮ್ಮ ನಾನು ಮುಂದೆ, ಅಪ್ಪ ಹಿಂದೆ ಎಡ ಅಂಚಿನಲ್ಲಿ. ಕಾಂಪೌಂಡ್ ಗೋಡೆ ಕಥೆ ಬೆಂಚಿನ ಮೇಲೆ ಕೂತಾಗ ಮಾತ್ರ ಅಂತ ಒಪ್ಪಂದ ಆಗಿದೆ. ಎಷ್ಟು ಹೊತ್ತು ನಿಲ್ಲುತ್ತದೋ ನೋಡೋಣ.

ಒಂದೇ ಸಮಸ್ಯೆ, ಕೊಡೆ. ಅದು ದೇವರಾಜ ಮಾರ್ಕೆಟ್ ಹತ್ತಿರ ಕೊಂಡ ಹಳೇ ಕೊಡೆ, ಮರದ ಹಿಡಿ. ಹೊಸದು ತಂದುಕೊಟ್ಟರೆ ಮುಟ್ಟುತ್ತಿಲ್ಲ. ಇಲ್ಲಿ ಕೊಡೆ ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?

ಹಳೇ ಸಿಂಗಾಪುರ | ಭಾನುವಾರ ರಾತ್ರಿ

ಚಪ್ಪಲಿ ಹೊಲಿಯುವ ಕೆಲವರು ಕೊಡೆಯನ್ನೂ ನೋಡುತ್ತಾರೆ, ಕೇಳಿ ನೋಡಿ. ಕೂಲಿ ಕೇಳಿ ತಂದೆಯವರು ಗಾಬರಿಯಾಗಬಾರದು, ಅಷ್ಟೇ. ಮರದ ಹಿಡಿ ಅಂದರೆ ಫೆವಿಕಾಲ್ ಹಾಕಿ ದಾರ ಸುತ್ತಿ ಒಂದು ರಾತ್ರಿ ಬಿಟ್ಟರೂ ಕೂರುತ್ತದೆ.

ಕುಕ್ಕರಹಳ್ಳಿ ಹುಡುಗಿ | ಭಾನುವಾರ ರಾತ್ರಿ

ಫೆವಿಕಾಲ್ ಇಲ್ಲಿ ಎಲ್ಲಿ ಹುಡುಕಲಿ ಅಂತ ಟೈಪ್ ಮಾಡುತ್ತಿದ್ದೆ. ಅಪ್ಪ ಒಳಗೆ ಹೋಗಿ ಸೂಟ್‌ಕೇಸ್‌ನಿಂದ ತಂದರು. ಯಾವುದಕ್ಕೂ ಇರಲಿ ಅಂತ ಊರಿನಿಂದಲೇ ಹಾಕಿಕೊಂಡು ಬಂದಿದ್ದರಂತೆ.